ರಾಣಿಯ ಮುಖ ತೊಳೆಯಬೇಡಿ

ವೇದಿಕೆಯನ್ನು ತುಂಬಿ ಕುಳಿತ ಅಧ್ಯಕ್ಷರೇ, ಮಣಿಪಾಲದಿಂದ ಇಳಿದು ಬಂದ ಇಂದಿನ ಸನ್ಮಾನಿತೆ ಡಾ. ದೀಕ್ಷಿತಾ ಅವರೇ, ಕಾಪುವಿನ ನಾಟಕಪ್ರಿಯ ಸಭಿಕರೇ,

ಬೇಡವೆಂದರೂ ನನ್ನ ಕೈಗೆ ಮೈಕು ಕೊಟ್ಟಿದ್ದಾರೆ; ಪಕ್ಕದೂರು ಇನ್ನಂಜೆಯವರೆಗೆ ಕೇಳಿಸಿದರೆ ತಪ್ಪು ನನ್ನದಲ್ಲ.

ಈ ರಂಗಮಂದಿರದ ಹೊರಗೋಡೆಯಲ್ಲಿ ಸುಣ್ಣದ ಗಾರೆಯ ರಾಣಿಯೊಬ್ಬಳಿದ್ದಾಳೆ. ಯಾವ ದೇವಿ ಎಂದು ಅತಿಥಿಗಳು ಕೇಳುತ್ತಾರೆ. ದೇವಿಯಲ್ಲ ಸ್ವಾಮಿ, ನನ್ನ ಅಪ್ಪ! ನಮ್ಮ ಸಂಘದ ಸ್ತ್ರೀವೇಷಧಾರಿ ವಿಠಲ. ಅವರು ಫೋಟೊ ತೆಗೆಸಿಕೊಂಡವರಲ್ಲ. ಈ ಗೋಡೆ ಬಿಟ್ಟರೆ ಅವರ ಮುಖ ಬೇರೆಲ್ಲಿಯೂ ಇಲ್ಲ.

ವಾರ್ಷಿಕೋತ್ಸವದ ಮುನ್ನಾದಿನ ಮಂದಿರ ತೊಳೆಯುವುದು ನಮ್ಮ ಪದ್ಧತಿ. ನೆಲವಾದ ಮೇಲೆ ರಾಣಿಗೂ ಸ್ನಾನ. ತೆಂಗಿನ ನಾರಿನಿಂದ ತಿಕ್ಕಿ, ಕೊಡಗಟ್ಟಲೆ ನೀರು ಸುರಿದು, ಬೆಳ್ಳಗಾದಳೆಂದು ಚಪ್ಪಾಳೆ ತಟ್ಟುತ್ತಿದ್ದೆವು. ಮೂಗುತಿ ಹೋಯಿತು. ಹುಬ್ಬು ಹೋಯಿತು. ತುಟಿ ಹೋಗುವ ಹೊತ್ತಿಗೆ ಕಾರ್ಯದರ್ಶಿ ಲೀಲಾಧರ ರಸಾಯನಶಾಸ್ತ್ರಜ್ಞೆ ಈ ದೀಕ್ಷಿತಾ ಅವರನ್ನು ಕರೆತಂದರು.

ಅವರು ಚಿಟಿಕೆ ಪುಡಿ ಕೆರೆದು ಪ್ರಯೋಗಾಲಯಕ್ಕೆ ಒಯ್ದರು. ಮೇಲಿನ ಪದರ ಸುಣ್ಣವೇ ಅಲ್ಲ, ಜಿಪ್ಸಮ್ ಎಂದರು. ಎಲ್ಲಿಂದ ಬಂತು? ಗಾಳಿಯಿಂದ! ಕಲ್ಲಿದ್ದಲು, ಡೀಸೆಲ್ ಉರಿದಲ್ಲಿ ಸಲ್ಫರ್ ಡೈಆಕ್ಸೈಡ್ ಹುಟ್ಟುತ್ತದಂತೆ. ಹೆದ್ದಾರಿಯ ಲಾರಿಯೋ, ಕಡಲಿನ ಹಡಗೋ, ಯಾರ ಚಿಮಣಿಯೋ, ಅವರೂ ಹೇಳಲಿಲ್ಲ, ನಾನೂ ಹೇಳೆ. ನಮ್ಮ ತೇವದ ಗೋಡೆಗೆ ಅದು ಅಂಟುತ್ತದೆ. ನಮ್ಮ ಕೆಂಪು ಜಂಬಿಟ್ಟಿಗೆ, ಆ ಮುರಕಲ್ಲಿನ ಧೂಳಿನಲ್ಲಿರುವ ಕಬ್ಬಿಣ ಅದಕ್ಕೆ ಕೈಜೋಡಿಸುತ್ತದೆ. ಸುಣ್ಣ ಜಿಪ್ಸಮ್ ಆಗಿ, ಮಸಿ ಹಿಡಿದು ಕಪ್ಪಾಗುತ್ತದೆ. ಸುಣ್ಣಕ್ಕಿಂತ ಜಿಪ್ಸಮ್ ಬೇಗ ನೀರಿಗೆ ಕರಗುತ್ತದೆ. ಹಾಗಾದರೆ ನಾವು ಮಾಡಿದ್ದೇನು ಸಭಿಕರೇ? ಗಾಳಿ ಕಚ್ಚಿದ್ದನ್ನು ಭಕ್ತಿಯಿಂದ ತಿಕ್ಕಿ ಚರಂಡಿಗೆ ಬಿಟ್ಟೆವು.

ಪದರವನ್ನು ಗಟ್ಟಿಮಾಡುವ ಮದ್ದು ಉಂಟು, ಆದರೆ ಕಪ್ಪು ಕಪ್ಪಾಗಿಯೇ ಉಳಿಯುತ್ತದೆ ಎಂದರು. ಲೀಲಾಧರ ಒಪ್ಪಲಿಲ್ಲ.

“ಸುವರ್ಣ ಮಹೋತ್ಸವಕ್ಕೆ ರಾಣಿ ಮಸಿ ಬಳಿದುಕೊಂಡು ನಿಂತರೆ ಎಂತ ಚಂದ ಮಾರಾಯ? ಇದೊಂದು ಸಲ ತೊಳೆಯುವ, ಆಮೇಲೆ ಮದ್ದು.”

“ತೊಳೆಯಿರಿ ಸರ್,” ಎಂದರು ದೀಕ್ಷಿತಾ. “ಮದ್ದು ಹಾಕಲಿಕ್ಕೆ ತುಟಿ ಇರುವುದಿಲ್ಲ.”

ಮಗನೇ ತೀರ್ಮಾನಿಸಲಿ ಎಂದು ಎಲ್ಲರೂ ನನ್ನತ್ತ ನೋಡಿದರು.

ನನ್ನ ಅಪ್ಪ ಕಪ್ಪು ಮನುಷ್ಯ. ಮಧ್ಯಾಹ್ನದಿಂದ ಕನ್ನಡಿಯ ಮುಂದೆ ಕುಳಿತು, ಮುಖಕ್ಕೆ ಬಿಳಿ ಬಳಿದು ರಾಣಿಯಾಗುತ್ತಿದ್ದರು. ಆಟ ಮುಗಿದರೆ ತೆಂಗಿನೆಣ್ಣೆ ಹಚ್ಚಿ ಬಣ್ಣ ಒರೆಸಿ, ನನ್ನ ಕೈಹಿಡಿದು ಪ್ರೇಕ್ಷಕರ ನಡುವೆಯೇ ನಡೆಯುತ್ತಿದ್ದರು. ಯಾರೂ ಗುರುತಿಸುತ್ತಿರಲಿಲ್ಲ.

ಮದ್ದು ಹಾಕಿ ಎಂದೆ. ಬಿಳಿ ರಾಣಿಯನ್ನು ಊರು ಸಾಕಷ್ಟು ನೋಡಿದೆ. ಮನೆಗೆ ಬರುತ್ತಿದ್ದ ಮುಖ ಇದು.

ದೀಕ್ಷಿತಾ ಅವರಿಗೂ, ಕೊಡವನ್ನು ಕೆಳಗಿಟ್ಟ ಲೀಲಾಧರರಿಗೂ, ಇಷ್ಟು ಹೊತ್ತು ಸಹಿಸಿದ ನಿಮಗೂ ಕೃತಜ್ಞ. ನಮಸ್ಕಾರ.