ಬ್ರೆಮ್ಲಿ ಕೌಂಟಿಯ ಚಕ್ಕುಬಂದಿ

ಅಧ್ಯಕ್ಷರಾದ ಕೌಸಲ್ಯಾ ಅವರೇ, ವೇದಿಕೆಯ ಗಣ್ಯರೇ, ಊಟದ ಸಾಲಿನ ಮೇಲೆ ಆಗಲೇ ಒಂದು ಕಣ್ಣಿಟ್ಟಿರುವ ಲಿನ್‌ವುಡ್ ಕನ್ನಡ ಕೂಟದ ಸಭಿಕರೇ,

ಐಯೋವಾದ ಬ್ರೆಮ್ಲಿ ಕೌಂಟಿಯ ಚರಿತ್ರೆಯನ್ನು ಕನ್ನಡದಲ್ಲಿ ಬರೆದದ್ದಕ್ಕೆ ಶಾಲು ಹೊದಿಸಿದ್ದೀರಿ. "ಯಾರು ಓದ್ತಾರೆ ರೇಹಾನಾ ಇದನ್ನ?" ಎಂದು ಕೇಳಿದ್ದ ನನ್ನ ಯಜಮಾನರು ಯಾಹ್ಯಾ, ಈಗ ಮುಂದಿನ ಸಾಲಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆಯುತ್ತಿದ್ದಾರೆ.

ನಾನು ಮೈಸೂರಿನಲ್ಲಿ ಒಂಬತ್ತು ವರ್ಷ ಸರ್ಕಾರಿ ಸರ್ವೇಯರ್ ಆಗಿದ್ದವಳು. ಇವರ ಕೆಲಸಕ್ಕಾಗಿ ಅದನ್ನು ಬಿಟ್ಟು ಬ್ರೆಮ್ಲಿಗೆ ಬಂದೆ. ಹದಿನೈದು ವರ್ಷ ಅರ್ಜಿ ಹಾಕಿದ್ದೇ ಹಾಕಿದ್ದು. ಇಲ್ಲಿನ ಅನುಭವ ಬೇಕು ಎನ್ನುವರು. ಕೆಲಸವನ್ನೇ ಕೊಡದಿದ್ದರೆ ಅನುಭವ ಎಲ್ಲಿಂದ ತರಲಿ? ಆ ಸಿಟ್ಟನ್ನೆಲ್ಲ ಚಪಾತಿ ಹಿಟ್ಟಿನ ಮೇಲೆ ತೀರಿಸಿಕೊಳ್ಳುತ್ತಿದ್ದೆ. ಇದನ್ನು ಹೇಳಬೇಕೆಂದಿರಲಿಲ್ಲ, ಬಾಯಿಗೆ ಬಂತು.

ಇರಲಿ, ಕೌಂಟಿಗೆ ಬರೋಣ. 1849ರಲ್ಲಿ ದೊಡ್ಡ ಕೌಂಟಿಯೊಂದನ್ನು ಒಡೆದು ಬ್ರೆಮ್ಲಿಯನ್ನು ಮಾಡಿದರು. ಮೂವರು ಕಮಿಷನರುಗಳು ಮರದ ಕಚೇರಿ ಕಟ್ಟಿಸಿದರು. ಅದು ದಾಖಲೆಗಳ ಸಮೇತ ಸುಟ್ಟುಹೋಯಿತು. ಆಮೇಲೆ ರೈಲು ಬಂತು, ಮತದಾನವಾಯಿತು, ಆಡಳಿತ ರೈಲು ಬಂದ ಕಾರ್ವರ್ ಊರಿನಲ್ಲಿ ನೆಲೆಯಾಯಿತು. ಮೊದಲ ಕಚೇರಿಯೂ ನಮ್ಮಲ್ಲೇ ಇತ್ತು ಎಂದು ಕಾರ್ವರಿನವರು, ಇಲ್ಲ ನಮ್ಮಲ್ಲಿ ಎಂದು ಅದೇ ಕೌಂಟಿಯ ಡೆಲ್ಟನ್ ಊರಿನವರು. ತಾಲ್ಲೂಕು ಕಚೇರಿಗಾಗಿ ನಮ್ಮವರು ಬಡಿದಾಡುವುದಿಲ್ಲವೇ, ಹಾಗೆ! ನೂರ ಎಪ್ಪತ್ತೈದನೇ ವರ್ಷಕ್ಕೆ ಸ್ಮಾರಕದ ಕಲ್ಲು ನಿಲ್ಲಿಸಬೇಕು. ಎಲ್ಲಿ ನಿಲ್ಲಿಸುವುದು?

ಆ ಜಾಗ ಸಂಬಳವಿಲ್ಲದೆ ಹುಡುಕಿಕೊಡುತ್ತೇನೆ ಎಂದು ಕೌಂಟಿಯವರ ಬಳಿ ಹೋದೆ. ಬಲ್ಲವರೆಲ್ಲ ನಕ್ಷೆ ಹಾಸಿಕೊಂಡು ಕೂತಿದ್ದರು, ಸುಟ್ಟ ಕಚೇರಿ ಅದರಲ್ಲಿರಲಿಲ್ಲ. ಮೈಸೂರಿನಲ್ಲಿ ನನಗೆ ಕೆಲಸ ಕಲಿಸಿದ ಚಿಕ್ಕತಾಯಮ್ಮ ಹೇಳುತ್ತಿದ್ದರು: "ಪತ್ರ ಕಳೆದೋದ್ರೆ ಅಳ್ತಾ ಕೂತ್ಕೋಬೇಡ ಕಣಮ್ಮ. ಪಕ್ಕದವನ ಪತ್ರ ತೆಗಿ. ಅವನ ಚಕ್ಕುಬಂದೀಲಿ ನಿನ್ನ ಜಮೀನು ಸಿಕ್ಕೇ ಸಿಗ್ತದೆ." ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಯಾರ ಮನೆ ಎಂದು ಚಕ್ಕುಬಂದಿ ಬರೆಯುವ ಪದ್ಧತಿ ಐಯೋವಾದಲ್ಲಿಲ್ಲ, ಎಲ್ಲವೂ ಚೌಕ, ಎಲ್ಲಕ್ಕೂ ನಂಬರು. ಆದರೆ ಪಕ್ಕದ ಮನೆಯವರು ಯಾವ ದೇಶದಲ್ಲಿ ಇರುವುದಿಲ್ಲ ಹೇಳಿ?

ಬೆಂಕಿಯ ನಂತರ ಜನ ಮನೆಯಲ್ಲಿದ್ದ ಪತ್ರಗಳನ್ನು ತಂದು ನಕಲು ಮಾಡಿಸಿದ್ದರು. ನಾಲ್ಕು ತಿಂಗಳು ಅವನ್ನೇ ಓದಿದೆ, ಈ ಪುಸ್ತಕ ಹುಟ್ಟಿದ್ದೂ ಅಲ್ಲೇ. ಡೆಲ್ಟನ್ನಿನ ಒಬ್ಬ ವಿಧವೆ ಬಾವಿಯ ಪಾಲಿಗಾಗಿ ಬರೆಸಿದ ಕರಾರು ಸಿಕ್ಕಿತು: "ನನ್ನ ಮನೆಯ ಪಶ್ಚಿಮಕ್ಕೆ ಕೌಂಟಿ ಕಚೇರಿ, ನಡುವೆ ಇಬ್ಬರಿಗೂ ಸೇರಿದ ಬಾವಿ." ಅಯ್ಯೋ, ದಾಖಲೆ ಕೋಣೆಯಲ್ಲೇ ಕೂಗಿಬಿಟ್ಟೆ! ಅಗೆದರು. ಬಾವಿಯ ಕಲ್ಲುಗಳು ಸಿಕ್ಕವು, ಪಕ್ಕದಲ್ಲಿ ಸುಟ್ಟ ತೊಲೆಗಳೂ ಸಿಕ್ಕವು. ಸ್ಮಾರಕದ ಕಲ್ಲು ಡೆಲ್ಟನ್ನಿನಲ್ಲಿ ನಿಂತಿತು.

ಗೆದ್ದವರು ಡೆಲ್ಟನ್ನಿನವರೇ? ಅಲ್ಲ ಸಭಿಕರೇ, ಗೆದ್ದವಳು ನಾನು. ಆ ಕೆಲಸವನ್ನು ನೋಡಿಯೇ ಇಲ್ಲಿನ ಸರ್ವೇ ಸಂಸ್ಥೆಯೊಂದು ಹೋದ ವಾರ ನನಗೆ ನೇಮಕಾತಿ ಪತ್ರ ಕೊಟ್ಟಿದೆ. ಈ ಐವತ್ತೊಂದನೇ ವಯಸ್ಸಿನಲ್ಲಿ, ಸೋಮವಾರ ಬೆಳಿಗ್ಗೆ ಎಂಟಕ್ಕೆ ಡ್ಯೂಟಿ! ಮಧ್ಯಾಹ್ನದ ಡಬ್ಬಿ ಯಾಹ್ಯಾ ಕಟ್ಟಿಕೊಡುತ್ತಾರಂತೆ. ಇಷ್ಟು ಜನರ ಮುಂದೆ ಹೇಳಿದ್ದೇನೆ, ಇನ್ನು ತಪ್ಪಿಸಿಕೊಳ್ಳುವಂತಿಲ್ಲ.

ಕೇಳಿದ ನಿಮಗೆಲ್ಲ ಕೃತಜ್ಞತೆಗಳು. ಸರ್ವೇಯರ್ ರೇಹಾನಾಳ ನಮಸ್ಕಾರ.