ಮೊದಲ ಸಲ ಕೇಳಿದ ಹಾಗೆ

ಅಯ್ಯೋ, ಏಳ್ಬೇಡ ಅಮ್ಮ! ಕೂತ್ಕೋ, ಕೂತ್ಕೋ. ಸೂಟ್‌ಕೇಸ್ ಆಮೇಲೆ ತುಂಬೋಣ. ನಾಳೆ ಮಧ್ಯಾಹ್ನ ತಾನೇ ಮೆಲ್ಬರ್ನ್ ಫ್ಲೈಟು? ನಿನ್ನ ಮುದ್ದಿನ ಮಗ ಜೀವನ್ ಅಲ್ಲಿ ವೆರಿಬೀಲಿ ನಿನ್ನ ಉಪ್ಪಿನಕಾಯಿ ಇಲ್ದೆ ಇಷ್ಟು ವರ್ಷ ಬದುಕಿದಾನೆ, ಇನ್ನೊಂದು ದಿನ ಬದುಕ್ತಾನೆ. ಒಂದೇ ಒಂದು ಸಲ, ಅಮ್ಮ. ಒಂದೇ ವಿಡಿಯೋ!

ಯಾಕೆ ನಗ್ತೀಯ? ನಿನ್ನೆ ಮಾಡಿದ್ವಲ್ಲ ಅಂತಾನಾ? ಮಾಡಿದ್ವಿ, ಆದ್ರೆ ರೆಕಾರ್ಡ್ ಆಗ್ಲಿಲ್ಲ ಅಂದ್ನಲ್ಲ! ಹಾಡು ಹಾಕಿ ಪಕ್ಕದಲ್ಲಿ ಕೂತಿದ್ದೆ, ನೀನು ಟೀ ಕೇಳ್ದೆ, ಅಡುಗೆಮನೆಗೆ ಹೋದೆ... ಬಟನ್ನೇ ಒತ್ತಿರ್ಲಿಲ್ಲ. ಹ್ಞೂಂ, ದಡ್ಡಿ. ನಿನ್ನ ಹೊಟ್ಟೇಲೇ ಹುಟ್ಟಿದ ದಡ್ಡಿ. ಬೈದು ಮುಗೀತಾ? ಈಗ ಈ ಕಡೆ ತಿರುಗು, ಕಿಟಕಿ ಬೆಳಕು ಮುಖದ ಮೇಲೆ ಬೀಳಲಿ.

ಒಂದು ಸಲ ಕೇಳಿದ ಹಾಡಿಗೆ ಮತ್ತೆ ಹೇಗೆ ಬೆರಗಾಗ್ಲಿ ಅಂತೀಯಾ? ಅಮ್ಮ, ಈ ರಿಯಾಕ್ಷನ್ ವಿಡಿಯೋ ಮಾಡೋ ನಮ್ಮ ಕಸುಬೇ ಅದು! ಬೇರೆ ದೇಶದವರು ತಮ್ಮ ಹಾಡು ಕೇಳಿ ಬಾಯಿ ಬಿಡೋದನ್ನ ನೋಡೋಕೆ ಇಂಡೋನೇಷ್ಯಾದೋರಿಗೆ ಪ್ರಾಣ. ರತ್ನಾ ಜೊತೆ ರೂಮಲ್ಲಿದ್ದಾಗ... ಅದೇ ಅಮ್ಮ, ಯೂನಿವರ್ಸಿಟೀಲಿ ನನ್ ರೂಮ್‌ಮೇಟು, ಸುರಬಾಯಾ ಹುಡುಗಿ, ನಮ್ಮ ಹೆಸರು ಇಟ್ಕೊಂಡಿದಾಳೆ ಅಂತ ನೀನು ಖುಷಿಪಟ್ಯಲ್ಲ, ಅವಳೇ. ಅವಳು ಸ್ನಾನಕ್ಕೆ ಹೋದ್ರೂ ಅವರ ಊರಿನ ಡಂಗ್‌ಡುಟ್ ಹಾಡು, ಅನ್ನಕ್ಕಿಟ್ರೂ ಡಂಗ್‌ಡುಟ್. ಆ ಹಾಡುಗಳೆಲ್ಲ ನಂಗೆ ಬಾಯಿಪಾಠ. ಈಗ ಅವನ್ನೇ ಯೂಟ್ಯೂಬಲ್ಲಿ, 'ಓ ಮೈ ಗಾಡ್, ಇದೇನಿದು!' ಅಂತ ಕಣ್ಣರಳಿಸ್ಕೊಂಡು ಕೇಳ್ತೀನಿ. ಮೋಸಾನಾ? ಇರ್ಬಹುದು... ಪ್ರೀತಿಯ ಮೋಸ ಬಿಡು.

ಆದ್ರೆ ಈಗ ನನ್ನನ್ಯಾರು ಕೇಳ್ತಾರೆ! ಅವತ್ತು ನೀನು ಒಗೆದ ಬಟ್ಟೆ ಹಿಡ್ಕೊಂಡು ಕ್ಯಾಮೆರಾ ಮುಂದೆ ಬಂದು, 'ಇದು ನಮ್ಮ ತಬಲಾ ಥರಾನೇ ಇದೆಯಲ್ಲೇ, ಸಂಯುಕ್ತಾ' ಅಂದ್ಯಲ್ಲ, ಮುಗೀತು ನನ್ನ ಕಥೆ. ಈಗ ಯಾವ ವಿಡಿಯೋ ಹಾಕಿದ್ರೂ ಕೆಳಗೆ ಒಂದೇ ಪ್ರಶ್ನೆ: 'ಮಾಮಾ ಮಾನಾ? ಮಾಮಾ ಮಾನಾ?' ಅಮ್ಮ ಎಲ್ಲಿ, ಅಮ್ಮ ಎಲ್ಲಿ ಅಂತ! ಇಲ್ಲಿ ಗಿರಾವೀನ್‌ನಲ್ಲಿ ಈ ಮನೆಗೆ ರೆಂಟು ಕಟ್ಟೋಳು ನಾನು, ವಿಸಿಟರ್ ವೀಸಾದಲ್ಲಿ ಬಂದ ಸ್ಟಾರು ನೀನು. ನಗು, ನಗು. ಈ ನಗೂಗೇ ಅವರು ಬಿದ್ದಿರೋದು.

ರೆಡೀನಾ? ನಿನ್ನೆ ನೋಡಿದ ಅದೇ ಟಿವಿ ಹಾಡುಗಾರಿಕೆ ಸ್ಪರ್ಧೆ, ಅದೇ ಮೀನು ಮಾರೋ ಹುಡುಗಿ. ಅವಳು ಹಾಡ್ತಾಳೆ, ಅವಳಮ್ಮನ್ನ ಸ್ಟೇಜಿಗೆ ಕರೀತಾರೆ, ಆಯಮ್ಮ ಹವಾಯಿ ಚಪ್ಪಲೀಲೇ ಬರ್ತಾಳೆ, ಇಬ್ರೂ ತಬ್ಕೊಂಡು ಅಳ್ತಾರೆ, ಜಡ್ಜುಗಳೂ ಅಳ್ತಾರೆ... ಅಲ್ಲಿ ನೀನೂ ಅಳ್ಬೇಕು. ಗೋಳೋ ಅಂತಲ್ಲ ಮತ್ತೆ. ನಿನ್ನೆ ಕನ್ನಡಕ ತೆಗೆದು ಸ್ವೆಟರ್ ತೋಳಲ್ಲಿ ಒರೆಸ್ಕೊಂಡ್ಯಲ್ಲ, ಅಷ್ಟು ಸಾಕು.

ಏನು? ನಾನೆಲ್ಲಿ ನೋಡ್ದೆ ಅಂತಾನಾ? ಅದು... ಟೀ ತರ್ತಾ ಬಾಗಿಲಿಂದ ಕಾಣಿಸ್ತು. ಕಂಡಿದ್ದಷ್ಟೇ. ಒಲೆ ಮೇಲಿನ ಫ್ಯಾನ್ ಸದ್ದಲ್ಲಿ ಮಾತೊಂದೂ ಕೇಳಿಸ್ಲಿಲ್ಲ. ನೀನು ಒಬ್ಬಳೇ ಏನೋ ಹೇಳ್ತಾ ಇದ್ದೆ ಅಲ್ವಾ? ಅದನ್ನೂ ಹೇಳು. ಏನು ಹೇಳಿದ್ದೆ?

ಮರ್ತೋಯ್ತಾ! ಅದು ಹೇಗೆ ಮರೆಯುತ್ತೆ? ತುಮಕೂರಲ್ಲಿ ಮೂವತ್ತು ವರ್ಷ ಸಂಗೀತ ಹೇಳಿಕೊಟ್ಟೋಳು, ಯಾರು ಯಾವತ್ತು ಎಲ್ಲಿ ಅಪಸ್ವರ ಹಾಡಿದ್ರು ಅಂತ ಇವತ್ತೂ ಹೇಳ್ತೀಯ. ಬೀದಿ ಮಕ್ಕಳಿಗೆಲ್ಲ ಭೇಷ್, ಭೇಷ್! ಪಕ್ಕದ್ಮನೆ ವಿಯೋಲಾ ಆಂಟಿ ಚರ್ಚಲ್ಲಿ ಹಾಡಿದ್ರೆ ಅದಕ್ಕೂ ಭೇಷ್. ನಾನು ಹಾಡಿದ್ರೆ ಮಾತ್ರ ಶ್ರುತಿ ಸೇರ್ಲಿಲ್ಲ, ಉಸಿರು ಸಾಲ್ದು, ಆ ಗಮಕ ಯಾರು ಹೇಳಿಕೊಟ್ರು... ಇಲ್ಲಪ್ಪ, ಜಗಳ ತೆಗೀತಿಲ್ಲ! ಸಂಗತಿ ಹೇಳ್ದೆ ಅಷ್ಟೇ. ನಗ್ತಾನೇ ಹೇಳ್ತಿದೀನಿ, ನೋಡು.

ಸರಿ, ನಾನೇ ನೆನಪಿಸ್ತೀನಿ. ಸ್ವಲ್ಪ ಮುಂದಕ್ಕೆ ಬಾಗು. ಕ್ಯಾಮೆರಾ ನೋಡು. ಪಕ್ಕದ್ಮನೆಯೋರಿಗೆ ಗುಟ್ಟು ಹೇಳೋ ಹಾಗೆ, ದನಿ ಇಳಿಸಿ... 'ಈ ಹುಡುಗಿ ಚೆನ್ನಾಗಿ ಹಾಡ್ತಾಳೆ ಕಣ್ರಪ್ಪ. ಮೇಲಿನ ಷಡ್ಜ ಎಷ್ಟು ಸಲೀಸು! ಆದ್ರೆ ನನ್ನ ಮಗಳು ಹಾಡಿದ್ರೆ ತಪ್ಪು ಹುಡುಕೋದೇ ನಂಗೆ ಮರ್ತೋಗುತ್ತೆ. ಅದಕ್ಕೇ...'

ಅದಕ್ಕೇ...

ಅಮ್ಮ?

ಯಾಕೆ ಹಾಗೆ ನೋಡ್ತಿದೀಯ? ಇಲ್ಲ, ಊಹೆ ಮಾಡ್ದೆ. ನೀನು ಹೀಗೇನೋ ಹೇಳಿರ್ಬಹುದು ಅಂತ... ಫ್ಯಾನ್ ಸದ್ದಲ್ಲಿ ಅಲ್ಪಸ್ವಲ್ಪ... ಅಲ್ಲ, ಕೇಳಿಸ್ಲಿಲ್ಲ ಅಂತ ಈಗಷ್ಟೇ ಹೇಳ್ದೆ, ಅಲ್ವಾ.

ಕನ್ನಡಕದ ಮೇಲಿಂದ ಹಾಗೆ ನೋಡ್ಬೇಡ ಅಮ್ಮ. ಬೇಕಾದ್ರೆ ಬೈ.

ಸರಿ. ಸರಿ! ರೆಕಾರ್ಡ್ ಆಗಿತ್ತು. ಬಟನ್ ಒತ್ತಿದ್ದೆ. ರಾತ್ರಿ ಎಡಿಟ್ ಮಾಡೋಕೆ ಕೂತಾಗ ನೋಡ್ದೆ. ರತ್ನಾ ಬೆಳಗ್ಗಿಂದ ಮೆಸೇಜ್ ಮೇಲೆ ಮೆಸೇಜ್, ವಿಡಿಯೋ ಎಲ್ಲಿ, ಅಮ್ಮ ಏನು ಹೇಳಿದ್ರು ಇಂಗ್ಲಿಷಲ್ಲಿ ಕಳ್ಸು, ನಾನು ನಮ್ಮ ಭಾಷೇಲಿ ಸಬ್‌ಟೈಟಲ್ ಹಾಕ್ತೀನಿ ಅಂತ. ಕಳ್ಸಿಲ್ಲ. ಲಕ್ಷ ಜನ ನೋಡೋಕೆ ಮುಂಚೆ... ಅದು ನಂದು ಅಮ್ಮ. ಹುಟ್ಟಿದಾಗಿಂದ ಕಾದಿದ್ದ ಮಾತು. ಕನ್ನಡದ ಒಂದಕ್ಷರ ಬಾರದೋರ ಹತ್ರ ಹೇಳ್ಬಿಟ್ಯಲ್ಲ, ಅದೂ ನನ್ನನ್ನ ಟೀ ಮಾಡೋಕೆ ಕಳ್ಸಿ!

'ಅದಕ್ಕೇ ಜೋರಾಗಿ ತಪ್ಪು ಹೇಳ್ತೀನಿ, ಇಲ್ಲಾಂದ್ರೆ ಎಲ್ರೆದುರೂ ಅತ್ತುಬಿಡ್ತೀನಿ.' ಹಾಗೇ ಅಂದಿದ್ದು ನೀನು. ಎಷ್ಟು ಸಲ ಹಾಕ್ಕೊಂಡು ಕೇಳಿದೀನೋ ಲೆಕ್ಕ ಇಲ್ಲ. ಪ್ರತಿ ಸಲಾನೂ ಮೊದಲ ಸಲ ಕೇಳಿದ ಹಾಗೇನೇ. ನಾಟಕ ಅಲ್ಲ, ನಿನ್ನಾಣೆಗೂ ಅಲ್ಲ.

ಅಯ್ಯೋ, ಕನ್ನಡಕ ಯಾಕೆ ತೆಗೀತಿದೀಯ? ಕ್ಯಾಮೆರಾ ಆನ್ ಮಾಡಿಲ್ಲ, ನೋಡು, ಮುಚ್ಚಳಾನೂ ತೆಗ್ದಿಲ್ಲ. ವಿಡಿಯೋಗಲ್ಲ ಅಮ್ಮ ನಾನು ಕೂರ್ಸಿದ್ದು. ನಾಳೆ ನೀನು ವೆರಿಬೀಗೆ ಹೋಗ್ಬಿಡ್ತೀಯ, ಅಲ್ಲಿಂದ ಊರಿಗೆ... ಆಮೇಲೆ ಫೋನಲ್ಲಿ ಮತ್ತೆ ಶ್ರುತಿ ಸೇರ್ಲಿಲ್ಲ ಅಂತೀಯ.

ಇನ್ನೊಂದು ಸಲ ಹೇಳು. ಈ ಸಲ ನಾನು ಟೀ ಮಾಡೋಕೆ ಹೋಗಲ್ಲ.