ಲೋಟದಲ್ಲಿ ಸುರಿದ ಗಾಳಿ

ಚಂಡಮಾರುತ ನಿಂತ ಮರುದಿನ, ಕೊಳತ್ತೂರಿನ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ನೆರೆಮನೆಯವರಿಬ್ಬರು ಕೂತಿದ್ದರು. ಅರುಳಪ್ಪನ್ ಆಗಷ್ಟೇ ಊರಿಂದ ಬಂದಿದ್ದರು; ಅವರಿಲ್ಲದಾಗ ಅವರ ಮೀನಿನ ತೊಟ್ಟಿ ನೋಡಿಕೊಂಡಿದ್ದು ಪಕ್ಕದಲ್ಲಿ ಕೂತಿದ್ದ ಕುಮುದಾ.

“ಎರಡು ದಿನ ಕರೆಂಟಿಲ್ಲ. ನನ್ನ ಉಪ್ಪುನೀರಿನ ತೊಟ್ಟಿ ಕಥೆ ಮುಗೀತು, ಅಲ್ವಾ ಕುಮುದಾ?”

“ಉಗುರಿನಷ್ಟಿರೋ ಆ ಗೋಬಿ ಜಾತಿ ಮೀನಿಗೆ ಇಷ್ಟು ಸಂಕಟಾನಾ ಅಣ್ಣಾ! ಎರಡೂ ಬದುಕಿವೆ. ಹವಳದ ಮೇಲೆ ಕೂತು ನನ್ನನ್ನೇ ಗುರಾಯಿಸ್ತವೆ.”

“ಪಂಪು ನಿಂತ ಮೇಲೆ ಗಾಳಿ ಎಲ್ಲಿಂದ ಬಂತು?”

“ಕಾಫಿ ನೊರೆ ಬರಿಸೋ ಹಾಗೆ, ಅದೇ ನೀರನ್ನ ಲೋಟದಲ್ಲಿ ಎತ್ತಿ ಎತ್ತಿ ಸುರಿದೆ. ನಾನು ಸ್ವಲ್ಪ ಹೊತ್ತು, ನಮ್ಮತ್ತೆ ಸ್ವಲ್ಪ ಹೊತ್ತು.”

“ಎರಡು ದಿನಾನೂ?”

“ಮತ್ತೆ? ಈಗ ಅದೇ ಲೋಟದಲ್ಲಿ ಕೊಟ್ರೆ ನಮ್ಮೆಜಮಾನ್ರು ಕಾಫಿ ಉಪ್ಪುಪ್ಪು ಅಂತಾರೆ.”

ಅರುಳಪ್ಪನ್ ನಗಲಿಲ್ಲ. ಸ್ಟಾಪ್ ಬಂದಾಗ ಆಕೆಯ ತರಕಾರಿ ಚೀಲವನ್ನೂ ತಾವೇ ಎತ್ತಿಕೊಂಡರು.

“ಬಿಡು ತಾಯಿ, ಆ ಕೈಗೆ ಇವತ್ತು ರಜೆ.”